ಈ ಚೀಟಿ ಬರೆದವರು ಯಾರು?

ಎಂಟನೆಯ ತರಗತಿಯ ಮಕ್ಕಳಿಗೆ ನೂಲಿನ ಪಾಠ ಮಾಡುವಾಗ ನಾನು ಪ್ರತಿ ವರ್ಷ ಒಂದು ಸುಡುವ ಪ್ರಯೋಗ ಮಾಡಿಸುತ್ತೇನೆ. ಅದಕ್ಕೆ ದೊಡ್ಡ ಪ್ರಯೋಗಾಲಯವೇನೂ ಬೇಡ. ಒಂದು ಸ್ಪಿರಿಟ್ ದೀಪ, ಒಂದು ಚಿಮಟ, ತಟ್ಟೆಯಲ್ಲಿ ಒಂದಿಷ್ಟು ನೀರು, ಬೇರೆ ಬೇರೆ ಬಟ್ಟೆಗಳಿಂದ ಬಿಡಿಸಿದ ನಾಲ್ಕಾರು ಎಳೆಗಳಿದ್ದರೆ ಸಾಕು. ಹತ್ತಿಯ ಎಳೆ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ. ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಮಾತ್ರ ಉರಿಯ ಹತ್ತಿರ ಹೋದೊಡನೆ ಮುದುಡಿಕೊಂಡು, ಕರಗಿ, ಆರಿದ ಮೇಲೆ ಗಟ್ಟಿ ಕರಿಮಣಿಯಾಗಿ ಕೂತುಬಿಡುತ್ತದೆ. ಮಕ್ಕಳಿಗೆ ಇದು ಹಬ್ಬದ ದಿನ.

ಈ ಸಲ ದೀಪಾವಳಿಗೆ ಕೊಂಡ ನನ್ನ ಅಂಗಿಯನ್ನೇ ಶಾಲೆಗೆ ಒಯ್ದಿದ್ದೆ. ಕೊರಳ ಹಿಂದಿನ ಚೀಟಿಯಲ್ಲಿ ‘100% ಕಾಟನ್’ ಎಂದು ಅಚ್ಚಾಗಿತ್ತು. ಅಂಗಡಿಯವರೂ ಅದನ್ನೇ ಒತ್ತಿ ಹೇಳಿ, ಅದಕ್ಕೆ ತಕ್ಕ ಬೆಲೆಯನ್ನೂ ತೆಗೆದುಕೊಂಡಿದ್ದರು. ಹೊಲಿಗೆಯ ದಾರ ಪಾಲಿಯೆಸ್ಟರಿನದು ಇರುವುದುಂಟು. ಆದ್ದರಿಂದ ದಾರವನ್ನು ಬಿಟ್ಟು, ಒಳಮಡಿಕೆಯಿಂದ ಬಟ್ಟೆಯದೇ ಎಳೆಯನ್ನು ಬಿಡಿಸಿ ದೀಪಕ್ಕೆ ಹಿಡಿದೆ. ಎಳೆ ಉರಿಯಿತು, ಜೊತೆಗೆ ಮುದುಡಿತು ಕೂಡ. ತಟ್ಟೆಗೆ ಬಿದ್ದ ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ನಡುವೆ ಗಟ್ಟಿ ಕರಿ ಹರಳು ಸಿಕ್ಕಿತು. ಮತ್ತೆ ಮೂರು ಸಲ ಮಾಡಿದೆವು. ಮೂರು ಸಲವೂ ಹರಳು ಬಂತು. ಮಕ್ಕಳು ಮೊದಲು ನನ್ನ ಮುಖ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ನಗದೆ ಎದ್ದು ನಿಂತು ಕೇಳಿದಳು: “ಸರ್, ಈ ಚೀಟಿ ಬರದವ್ರು ಯಾರ್ರೀ?”

ಉತ್ತರ ನನ್ನ ಬಳಿ ಇರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಆ ಪ್ರಶ್ನೆಯನ್ನು ಮನೆಗೆ ತಂದೆ. ಹುಡುಕುತ್ತ ಹೋದಾಗ ಇಂದು ಯೂರೋಪಿನ ಇಪ್ಪತ್ತೇಳು ದೇಶಗಳು ಸೇರಿ ಕೇಳುತ್ತಿರುವ ಪ್ರಶ್ನೆಯೂ ಹೆಚ್ಚು ಕಡಿಮೆ ಅದೇ ಎಂದು ಗೊತ್ತಾಯಿತು.

ಮೊದಲು ನನ್ನ ಚಿಕ್ಕಂದಿನ ಒಂದು ಸಂಗತಿ. ನಮ್ಮ ಹೊಲದಲ್ಲಿ ಜಯಧರ ಹತ್ತಿ ಬೆಳೆಯುತ್ತಿದ್ದರು. ಬಿಡಿಸಿದ ಹತ್ತಿಯನ್ನು ಅಪ್ಪ ಹುಬ್ಬಳ್ಳಿಯ ಪೇಟೆಗೆ ಹೇರಿಕೊಂಡು ಹೋದರೆ ಸಂಜೆಗೆ ದಲಾಲಿ ಅಂಗಡಿಯಿಂದ ಒಂದು ಪಟ್ಟಿ ಹಿಡಿದುಕೊಂಡು ಬರುತ್ತಿದ್ದರು. ಅದರಲ್ಲಿ ಅಪ್ಪನ ಹೆಸರು, ಊರು, ತೂಕ, ದರ, ಹಮಾಲಿ, ದಲಾಲಿ ಎಲ್ಲವೂ ಇರುತ್ತಿದ್ದವು. ಅಷ್ಟು ವಿವರವಾದ ಕಾಗದ ಹತ್ತಿಯ ಬಾಳಿನಲ್ಲಿ ಮತ್ತೆಂದೂ ಹುಟ್ಟುತ್ತಿರಲಿಲ್ಲ. ಏಕೆಂದರೆ ಲಿಲಾವು ಮುಗಿದೊಡನೆ ನಮ್ಮ ಹತ್ತಿ ಹತ್ತೂರಿನ ಹತ್ತಿಯ ರಾಶಿಗೆ ಬೀಳುತ್ತಿತ್ತು. ರಾಶಿಗೆ ಬಿದ್ದ ಮೇಲೆ ಅದಕ್ಕೆ ಹೆಸರಿಲ್ಲ, ಊರಿಲ್ಲ.

ಅಲ್ಲಿಂದ ಮುಂದಿನ ದಾರಿ ನೋಡಿ. ಜಿನ್ನಿಂಗ್ ಕಾರ್ಖಾನೆಯಲ್ಲಿ ಬೀಜ ಬೇರೆಯಾಗಿ ಅರಳೆ ಬೇಲಾಗುತ್ತದೆ. ನೂಲಿನ ಗಿರಣಿಯಲ್ಲಿ ಹಲವು ಊರುಗಳ ಬೇಲುಗಳನ್ನು ಒಟ್ಟಿಗೆ ಬಿಚ್ಚಿ ಬೆರೆಸುತ್ತಾರೆ. ನೂಲು ಒಂದೇ ಸಮ ಬರಬೇಕಾದರೆ ಹಾಗೆ ಬೆರೆಸಲೇಬೇಕು. ಆಮೇಲೆ ನೇಯುವವರು ಒಬ್ಬರು, ಬಿಳುಪು ಮಾಡಿ ಬಣ್ಣ ಹಾಕುವವರು ಮತ್ತೊಬ್ಬರು, ಕತ್ತರಿಸಿ ಹೊಲಿಯುವವರು ಇನ್ನೊಬ್ಬರು. ಎಷ್ಟೋ ಸಲ ಇವೆಲ್ಲ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತವೆ. ಪ್ರತಿಯೊಬ್ಬನಿಗೂ ತನಗೆ ಮಾರಿದವನು ಗೊತ್ತು, ತನ್ನಿಂದ ಕೊಂಡವನು ಗೊತ್ತು, ಅದರಾಚೆ ಯಾರೂ ಗೊತ್ತಿಲ್ಲ. ಕೊನೆಯಲ್ಲಿ ಕೊರಳಿಗೆ ಚೀಟಿ ಹೊಲಿಯುವ ಹೆಣ್ಣುಮಗಳು ಹೊಲವನ್ನು ಕಂಡಿರುವುದಿಲ್ಲ, ಗಿರಣಿಯನ್ನೂ ಕಂಡಿರುವುದಿಲ್ಲ. ಅಚ್ಚಾಗಿ ಬಂದ ಚೀಟಿಯನ್ನು ಆಕೆ ಹೊಲಿಯುತ್ತಾಳೆ, ಅಷ್ಟೇ.

ಹೀಗಾದರೆ ಏನಾಯಿತು, ಅಂಗಿ ಚೆನ್ನಾಗಿದ್ದರೆ ಸಾಲದೇ ಎಂದು ಕೇಳಬಹುದು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿಯಿತು. ಅದರೊಳಗೆ ಹಲವು ಗಾರ್ಮೆಂಟ್ ಕಾರ್ಖಾನೆಗಳಿದ್ದವು. ಗೋಡೆಗಳು ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು. ಆದರೂ ಮರುದಿನ ಕೆಲಸಕ್ಕೆ ಕರೆಯಲಾಗಿತ್ತು. ಸತ್ತವರು 1,134 ಜನ. ಅಲ್ಲಿ ಯಾವ ಯಾವ ಕಂಪನಿಗಳ ಬಟ್ಟೆ ಹೊಲಿಯಲಾಗುತ್ತಿತ್ತು ಎಂಬ ಪ್ರಶ್ನೆ ಎದ್ದಾಗ, ಕೆಲವು ಕಂಪನಿಗಳಿಗೆ ತಮ್ಮ ಬಟ್ಟೆ ಅಲ್ಲಿತ್ತೋ ಇಲ್ಲವೋ ಎಂದು ಒಡನೆ ಹೇಳಲಾಗಲಿಲ್ಲ. ಕಾರ್ಮಿಕ ಕಾರ್ಯಕರ್ತರು ಆ ಇಟ್ಟಿಗೆ ಸಿಮೆಂಟಿನ ರಾಶಿಯೊಳಗೆ ಕೈಹಾಕಿ ಕೊರಳ ಚೀಟಿಗಳನ್ನು ಹೆಕ್ಕಿ ತೆಗೆದರು. ಹೊಣೆ ಯಾರದೆಂದು ತೋರಿಸಲು ಆ ಚೀಟಿಗಳು ಬೇಕಾದವು.

ನಮ್ಮ ನೆರೆಯಲ್ಲೇ ಇನ್ನೊಂದು ಉದಾಹರಣೆಯಿದೆ. ತಮಿಳುನಾಡಿನ ತಿರುಪ್ಪೂರು ಬನಿಯನ್ನಿಗೆ, ಟೀ ಶರ್ಟಿಗೆ ಹೆಸರಾದ ಊರು. ಅಲ್ಲಿನ ಬಣ್ಣದ ಕಾರ್ಖಾನೆಗಳ ಉಪ್ಪು ತುಂಬಿದ ನೀರು ನೊಯ್ಯಲ್ ನದಿಗೆ ಹರಿದು, ಕೆಳಗಿನ ಒರತ್ತುಪ್ಪಾಳಯಂ ಜಲಾಶಯದಲ್ಲಿ ನಿಂತಿತು. ನೀರಾವರಿಗೆಂದು ಕಟ್ಟಿದ ಜಲಾಶಯದ ನೀರು ಹೊಲಕ್ಕೆ ಬಿಡಲು ಬಾರದಂತಾಯಿತು. ರೈತರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಿತು. ನೀರನ್ನು ಹೊರಗೆ ಬಿಡದೆ ಶುದ್ಧಮಾಡಿ ಮತ್ತೆ ಬಳಸುವ ಘಟಕಗಳಿಗೆ ಮಾತ್ರ ಆಮೇಲೆ ಅನುಮತಿ ಸಿಕ್ಕಿತು. ನೀರು ಶುದ್ಧಮಾಡಿ ಹಾಕಿದ ಬಣ್ಣ ಮತ್ತು ಹೊಳೆಗೆ ಬಿಟ್ಟು ಹಾಕಿದ ಬಣ್ಣ ಅಂಗಿಯ ಮೇಲೆ ಒಂದೇ ತರಹ ಕಾಣುತ್ತವೆ. ಮೊದಲನೆಯದಕ್ಕೆ ಖರ್ಚು ಹೆಚ್ಚು. ಕೊಳ್ಳುವವನಿಗೆ ವ್ಯತ್ಯಾಸ ತಿಳಿಯದಿದ್ದರೆ ಅವನು ಕಡಿಮೆ ಬೆಲೆಯದನ್ನೇ ಕೊಳ್ಳುತ್ತಾನೆ. ಹಾಗೆ ಪ್ರಾಮಾಣಿಕನಾದವನೇ ನಷ್ಟ ಅನುಭವಿಸುತ್ತಾನೆ.

ಬಳಸಿ ಬಿಟ್ಟ ಮೇಲೂ ಇದೇ ತೊಂದರೆ. ಹರಿಯಾಣದ ಪಾಣಿಪತ್‌ಗೆ ದೇಶವಿದೇಶಗಳಿಂದ ಹಳೆಯ ಉಣ್ಣೆ ಬಟ್ಟೆ ಹಡಗಿನಲ್ಲಿ ಬರುತ್ತದೆ. ಅಲ್ಲಿನ ಕೆಲಸಗಾರರು ಗುಂಡಿ, ಜಿಪ್ಪು ಕತ್ತರಿಸಿ, ಬಣ್ಣಬಣ್ಣಕ್ಕೆ ಬೇರೆ ಮಾಡಿ, ಹಿಂಜಿಸಿ ಮತ್ತೆ ನೂಲಾಗಿಸುತ್ತಾರೆ. ಯಾವುದು ಉಣ್ಣೆ, ಯಾವುದು ಬೆರಕೆ ಎನ್ನುವುದನ್ನು ಕಣ್ಣಿನಿಂದ, ಕೈಯಿಂದಲೇ ಗುರುತಿಸಬೇಕು. ಜಗತ್ತಿನಲ್ಲಿ ಹಳೆಯ ಬಟ್ಟೆ ಮತ್ತೆ ಹೊಸ ಬಟ್ಟೆಯಾಗುವ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಬ್ರಿಟನ್ನಿನ ಎಲೆನ್ ಮೆಕಾರ್ಥರ್ ಫೌಂಡೇಶನ್ 2017ರಲ್ಲಿ ಲೆಕ್ಕ ಹಾಕಿತ್ತು. ಒಳಗೆ ಏನಿದೆ ಎಂದು ತಿಳಿಯದಿರುವುದು ಇದರ ಕಾರಣಗಳಲ್ಲಿ ಒಂದು.

ಈಗ ಯೂರೋಪಿಗೆ ಬರೋಣ. 2024ರ ಜುಲೈ 18ರಂದು ಯೂರೋಪಿಯನ್ ಒಕ್ಕೂಟದಲ್ಲಿ ಒಂದು ಹೊಸ ಕಾನೂನು ಜಾರಿಗೆ ಬಂತು. ವಸ್ತುಗಳು ಬಾಳಿಕೆ ಬರುವಂತೆ, ರಿಪೇರಿಗೆ ಒದಗುವಂತೆ, ಮತ್ತೆ ಬಳಸಲು ಬರುವಂತೆ ಇರಬೇಕೆಂದು ಹೇಳುವ ಕಾನೂನು ಅದು. ಅದರ ಒಂದು ಮುಖ್ಯ ಅಂಗವೇ ‘ಡಿಜಿಟಲ್ ಪ್ರಾಡಕ್ಟ್ ಪಾಸ್‌ಪೋರ್ಟ್’. ಮನುಷ್ಯರು ದೇಶ ದಾಟುವಾಗ ರಹದಾರಿ ತೋರಿಸುವಂತೆ ವಸ್ತುವೂ ತನ್ನ ರಹದಾರಿ ತೋರಿಸಬೇಕು. ವಸ್ತುವಿಗೆ ಒಂದು ಗುರುತಿನ ಸಂಖ್ಯೆ, ಅದನ್ನು ಓದಲು ಮೈಮೇಲೆ ಒಂದು ಕೋಡ್. ಅದಕ್ಕೆ ಫೋನ್ ಹಿಡಿದರೆ ಯಾವುದರಿಂದ ಮಾಡಿದ್ದು, ಮರುಬಳಕೆಯ ನಾರು ಎಷ್ಟು, ಅಪಾಯದ ರಾಸಾಯನಿಕ ಇದೆಯೇ, ಎಷ್ಟು ಬಾಳಿಕೆ ಬರುತ್ತದೆ, ಹೇಗೆ ರಿಪೇರಿ ಮಾಡಬೇಕು ಎಂಬಂಥ ವಿವರಗಳು ಕಾಣಬೇಕು. ಕೊಳ್ಳುವವರಿಗೆ ಕಾಣುವುದಷ್ಟು, ರಿಪೇರಿಯವರಿಗೆ ಕಾಣುವುದಷ್ಟು, ಕಸ್ಟಮ್ಸ್ ಅಧಿಕಾರಿಗೆ ಕಾಣುವುದಷ್ಟು ಎಂದು ವಿಂಗಡಣೆಯೂ ಇದೆ. ಬಟ್ಟೆ ಈ ಕಾನೂನಿನಡಿ ಮೊದಲ ಸರದಿಯಲ್ಲಿ ಬರುವ ವಸ್ತುಗಳಲ್ಲಿ ಒಂದು. ಬಟ್ಟೆಗೆ ಯಾವ ಯಾವ ವಿವರ ಬೇಕೆಂಬ ನಿಯಮವನ್ನು 2027ಕ್ಕೆ ತರುವುದಾಗಿ 2025ರ ಏಪ್ರಿಲ್‌ನ ಕಾರ್ಯಯೋಜನೆ ಹೇಳುತ್ತದೆ. ಮಾರಾಟವಾಗದೆ ಉಳಿದ ಬಟ್ಟೆಯನ್ನು ದೊಡ್ಡ ಕಂಪನಿಗಳು 2026ರ ಜುಲೈ 19ರಿಂದ ನಾಶ ಮಾಡುವಂತಿಲ್ಲ ಎಂದೂ ಅದೇ ಕಾನೂನು ವಿಧಿಸಿದೆ.

ಕೋಡ್ ಎಂದರೆ ನಮಗೆಲ್ಲ ಪರಿಚಿತವಾದ ಕ್ಯೂಆರ್ ಕೋಡೇ, ಚಹಾದಂಗಡಿಯಲ್ಲಿ ಫೋನ್ ಹಿಡಿದು ದುಡ್ಡು ಕೊಡುವ ಕಪ್ಪುಬಿಳುಪಿನ ಚೌಕ. ಇದು 1994ರಲ್ಲಿ ಜಪಾನಿನ ಡೆನ್ಸೋ ಕಂಪನಿಯಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕಾಗಿ ಹುಟ್ಟಿತು. ಸೋಪಿನ ಡಬ್ಬಿಯ ಮೇಲಿರುವ ಗೆರೆಗೆರೆಯ ಬಾರ್‌ಕೋಡ್ ಅಡ್ಡಕ್ಕೆ ಮಾತ್ರ ಓದಿಸಿಕೊಳ್ಳುತ್ತದೆ, ಹದಿಮೂರು ಅಂಕಿ ಹಿಡಿದರೆ ಅದರ ಹೊಟ್ಟೆ ತುಂಬುತ್ತದೆ. ಕ್ಯೂಆರ್ ಕೋಡ್ ಅಡ್ಡಕ್ಕೂ ಉದ್ದಕ್ಕೂ ಓದಿಸಿಕೊಳ್ಳುವುದರಿಂದ ಏಳು ಸಾವಿರ ಅಂಕಿಗಳವರೆಗೆ ಹಿಡಿಯಬಲ್ಲದು. ಮೂರು ಮೂಲೆಯ ಮೂರು ಚೌಕಗಳು ಯಂತ್ರಕ್ಕೆ ದಿಕ್ಕು ತೋರಿಸುತ್ತವೆ. ಅದೇ ಮಾಹಿತಿಯನ್ನು ಲೆಕ್ಕಾಚಾರದಿಂದ ಹೆಚ್ಚುವರಿಯಾಗಿ ಹೆಣೆದಿಡುವುದರಿಂದ, ತಕ್ಕಂತೆ ರಚಿಸಿದರೆ ಚೌಕದ ಶೇಕಡಾ 30ರಷ್ಟು ಭಾಗ ಹಾಳಾದರೂ ಓದಲು ಬರುತ್ತದೆ. ಒಗೆದು ಒಗೆದು ಸವೆಯುವ ಬಟ್ಟೆಗೆ ಇದು ಹೇಳಿ ಮಾಡಿಸಿದ ಗುಣ.

ಇಷ್ಟಾದರೂ ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಹಾಗೇ ಉಳಿಯಿತು. ಚೀಟಿ ಕಾಗದದ್ದಾದರೇನು, ಕೋಡಿನದಾದರೇನು? ಬರೆದವರು ಯಾರು?

ಈ ಪ್ರಶ್ನೆ ಎಷ್ಟು ಮುಖ್ಯ ಎನ್ನುವುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಸಾವಯವ ಹತ್ತಿ ಎಂದರೆ ರಾಸಾಯನಿಕ ಗೊಬ್ಬರ, ಕೀಟನಾಶಕ, ಕುಲಾಂತರಿ ಬೀಜ ಇಲ್ಲದೆ ಬೆಳೆದ ಹತ್ತಿ. ಅದಕ್ಕೆ ಬೆಲೆ ಹೆಚ್ಚು, ಪ್ರತಿ ಮಾರಾಟಕ್ಕೂ ಪ್ರಮಾಣಪತ್ರ ಬೇಕು. 2020ರ ಅಕ್ಟೋಬರ್‌ನಲ್ಲಿ, ಜಾಗತಿಕ ಸಾವಯವ ಜವಳಿ ಮಾನದಂಡವನ್ನು ನಡೆಸುವ ಗಾಟ್ಸ್ ಸಂಸ್ಥೆ ಭಾರತದಲ್ಲಿ ದೊಡ್ಡದೊಂದು ವಂಚನೆಯನ್ನು ಬಯಲಿಗೆ ತಂದಿತು. 20,000 ಟನ್ ಅರಳೆಗೆ ಸುಳ್ಳು ಪ್ರಮಾಣಪತ್ರಗಳು ಸೃಷ್ಟಿಯಾಗಿದ್ದವು. ಆ ಪತ್ರಗಳ ಮೇಲೆ ಕ್ಯೂಆರ್ ಕೋಡ್ ಕೂಡ ಇತ್ತು! ಫೋನ್ ಹಿಡಿದರೆ ಸರ್ಕಾರಿ ವೆಬ್‌ಸೈಟೇ ತೆರೆದಂತೆ ಕಾಣುತ್ತಿತ್ತು. ಅದು ಅಸಲಿಯಂತೆಯೇ ಮಾಡಿಟ್ಟ ನಕಲಿ ವೆಬ್‌ಸೈಟ್. ಕೋಡ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಬರೆದಿಟ್ಟಿದ್ದನ್ನು ತಪ್ಪಿಲ್ಲದೆ ಓದಿ ತೋರಿಸಿತ್ತು. ಬರೆದಿಟ್ಟಿದ್ದೇ ಸುಳ್ಳಾಗಿತ್ತು.

ನನ್ನ ದೀಪದ ಪ್ರಯೋಗವೂ ಇಲ್ಲಿ ಕೈಕೊಡುತ್ತದೆ. ಸಾವಯವ ಹತ್ತಿ ಮತ್ತು ಸಾಮಾನ್ಯ ಹತ್ತಿ ಎರಡೂ ಸೆಲ್ಯುಲೋಸೇ. ಎರಡೂ ಒಂದೇ ತರಹ ಉರಿಯುತ್ತವೆ, ಒಂದೇ ತರಹ ಬೂದಿಯಾಗುತ್ತವೆ. ಹಾಗಾದರೆ ಪರೀಕ್ಷೆಯೇ ಇಲ್ಲವೇ? ಇದೆ, ಆದರೆ ಅದಕ್ಕೆ ಹೊತ್ತುಗೊತ್ತು ಇದೆ. ಕುಲಾಂತರಿ ಬೀಜದ ಹತ್ತಿಯೋ ಅಲ್ಲವೋ ಎಂದು ಬೀಜದಲ್ಲಿ, ಹಸಿ ಅರಳೆಯಲ್ಲಿ ಡಿಎನ್‌ಎ ಪರೀಕ್ಷೆಯಿಂದ ಕಂಡುಹಿಡಿಯಬಹುದು. ಬಿಳುಪು ಮಾಡಿ ಬಣ್ಣ ಹಾಕಿದ ಬಟ್ಟೆಯಲ್ಲಿ ಡಿಎನ್‌ಎ ಚೂರುಚೂರಾಗಿ ಹೋಗಿರುತ್ತದೆ, ಆಗ ಕೇಳಿದರೆ ಉತ್ತರ ಸಿಗುವುದಿಲ್ಲ. ಎಲ್ಲಿ ಬೆಳೆದದ್ದು ಎನ್ನುವುದಕ್ಕೆ ಇನ್ನೊಂದು ಪರೀಕ್ಷೆಯಿದೆ. ಗಿಡ ಕುಡಿದ ನೀರಿನಲ್ಲಿ ಆಮ್ಲಜನಕದ, ಜಲಜನಕದ ಭಾರವಾದ ಮತ್ತು ಹಗುರವಾದ ಪರಮಾಣುಗಳು ಯಾವ ಪ್ರಮಾಣದಲ್ಲಿದ್ದವೋ ಅದರ ಛಾಯೆ ನಾರಿನಲ್ಲಿ ಉಳಿದಿರುತ್ತದೆ. ಸಮುದ್ರದಿಂದ ಇರುವ ದೂರ, ಎತ್ತರ, ಮಳೆ, ಬಿಸಿಲುಗಳಿಗೆ ತಕ್ಕಂತೆ ಆ ಪ್ರಮಾಣ ಬೇರೆಯಾಗುತ್ತದೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಒತ್ತಾಯದ ದುಡಿಮೆಯಿಂದ ಬಂದ ಹತ್ತಿಯನ್ನು ತಡೆಯುವ ಅಮೆರಿಕದ ಕಾನೂನು 2022ರ ಜೂನ್‌ನಲ್ಲಿ ಜಾರಿಯಾದ ಮೇಲೆ ಅಲ್ಲಿನ ಕಸ್ಟಮ್ಸ್ ಇಲಾಖೆ ಈ ಪರೀಕ್ಷೆಯನ್ನು ಬಳಸುತ್ತಿದೆ. ಒಂದೊಂದು ಅಂಗಿಗೂ ಇದನ್ನು ಮಾಡಲಾಗದು, ಅನುಮಾನ ಬಂದ ಕಡೆ ಮಾಡಬಹುದು.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಒಂದಿದೆ. ಅದು ನಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ದ್ರವ್ಯ ಹೊಸದಾಗಿ ಹುಟ್ಟುವುದಿಲ್ಲ, ಇಲ್ಲವಾಗುವುದೂ ಇಲ್ಲ. ಮರುದಿನ ಬೋರ್ಡಿನ ಮೇಲೆ ನಾವೇ ಲೆಕ್ಕ ಹಾಕಿದೆವು. ಮೂರು ಕಿಲೋ ಹತ್ತಿಯಿಂದ ಸುಮಾರು ಒಂದು ಕಿಲೋ ಅರಳೆ, ಉಳಿದದ್ದು ಹೆಚ್ಚಾಗಿ ಬೀಜ. ನಮ್ಮ ದೇಶದ ಒಂದು ಬೇಲಿನ ತೂಕ 170 ಕಿಲೋ. ಅಂದರೆ ಒಂದು ಬೇಲಿಗೆ ಐದು ಕ್ವಿಂಟಲ್ ಹತ್ತಿ ಬೇಕು. ಗಿರಣಿಯ ಉದುರು, ಕತ್ತರಿಕೆಯ ಚೂರು ಎಲ್ಲ ಕಳೆದು 120 ಕಿಲೋ ಅಂಗಿಗೆ ಉಳಿಯಿತು ಎಂದು ಹಿಡಿಯಿರಿ. ಅಂಗಿಯೊಂದು 200 ಗ್ರಾಂ ತೂಗಿದರೆ 600 ಅಂಗಿಯಾಯಿತು. ಅದೇ ಬೇಲಿನ ಹೆಸರಿನಲ್ಲಿ 6,000 ಅಂಗಿ ಅಂಗಡಿಗೆ ಬಂದರೆ ನಡುವೆ ಯಾರೋ ಸುಳ್ಳು ಬರೆದಿದ್ದಾರೆ.

ಇದೇ ಲೆಕ್ಕವನ್ನು ಆ 20,000 ಟನ್ನಿಗೆ ಹಚ್ಚಿ ನೋಡಿ. ಅಷ್ಟು ಅರಳೆಗೆ ಸುಮಾರು 60,000 ಟನ್ ಹತ್ತಿ ಬಿಡಿಸಬೇಕಿತ್ತು. ಹತ್ತು ಟನ್ನಿನ ಲಾರಿಯಾದರೆ ಆರು ಸಾವಿರ ಲಾರಿ. ಅದು ಯಾವ ಹೊಲದಲ್ಲಿ ಬೆಳೆಯಿತು, ಯಾರು ಬಿಡಿಸಿದರು, ಯಾವ ಪೇಟೆಯಲ್ಲಿ ತೂಗಿತು ಎಂದು ಹಿಂದಕ್ಕೆ ಕೇಳುತ್ತ ಹೋಗಿದ್ದರೆ ಸುಳ್ಳು ಮೊದಲ ಮೆಟ್ಟಿಲಲ್ಲೇ ಸಿಕ್ಕಿಬೀಳುತ್ತಿತ್ತು. ಬಟ್ಟೆಯ ಪಾಸ್‌ಪೋರ್ಟಿನ ನಿಜವಾದ ಶಕ್ತಿ ನಾನು ಕಂಡಂತೆ ಇಲ್ಲಿದೆ. ಪ್ರತಿ ಹಂತದವನೂ ತಾನು ಪಡೆದ ತೂಕ, ತಾನು ಕೊಟ್ಟ ತೂಕ ಬರೆದರೆ, ಒಬ್ಬನ ಬರಹ ಮತ್ತೊಬ್ಬನ ಬರಹಕ್ಕೆ ತಾಳೆಯಾಗಲೇಬೇಕು. ಒಬ್ಬ ಸುಳ್ಳು ಹೇಳುವುದು ಸುಲಭ. ಏಳು ಜನ ಸೇರಿ ಒಂದೇ ಲೆಕ್ಕದ ಸುಳ್ಳು ಹೇಳುವುದು ಕಷ್ಟ. ಆದರೆ ತಾಳೆ ನೋಡುವವರು ಬೇಕು. ಅವರು ಮಾರುವವರಿಂದ ಸಂಬಳ ಪಡೆಯುವವರಾಗಿರಬಾರದು.

ನಮ್ಮಲ್ಲಿ ಕೇಂದ್ರ ಜವಳಿ ಸಚಿವಾಲಯವು 2020ರ ಅಕ್ಟೋಬರ್ 7ರಂದು ‘ಕಸ್ತೂರಿ’ ಎಂಬ ಹೆಸರಿನಲ್ಲಿ ಭಾರತದ ಹತ್ತಿಗೆ ಗುರುತು ಕೊಟ್ಟಿತು. ಅದರಲ್ಲಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಪ್ರತಿ ಬೇಲಿಗೂ ಕ್ಯೂಆರ್ ಗುರುತು ಹಚ್ಚಿ, ಮುಂದಿನ ಹಂತಗಳ ದಾಖಲೆಯನ್ನು ಯಾರೂ ಆಮೇಲೆ ತಿದ್ದಲಾಗದಂತೆ ಬ್ಲಾಕ್‌ಚೈನ್ ಎಂಬ ಸರಪಳಿ ಲೆಕ್ಕದಲ್ಲಿ ಇಡುವ ವ್ಯವಸ್ಥೆಯಿದೆ. ತಿದ್ದಲಾಗದ ಪುಸ್ತಕ ಒಳ್ಳೆಯದೇ. ಮೊದಲ ಸಾಲನ್ನೇ ತಪ್ಪು ಬರೆದರೆ ಆ ತಪ್ಪನ್ನೂ ಅದು ಹಾಗೇ ಕಾಪಾಡುತ್ತದೆ ಎಂಬುದನ್ನು ಮರೆಯಬಾರದು.

ಹಂತಹಂತಕ್ಕೆ ಪರೀಕ್ಷಿಸಿದ ಬಟ್ಟೆ ನಮಗೇನು ಹೊಸದಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಖಾದಿ ಧ್ವಜದ ನೂಲು, ನೇಯ್ಗೆ, ತೂಕ, ಬಣ್ಣದ ಗಟ್ಟಿತನ, ಅಳತೆ ಎಲ್ಲಕ್ಕೂ ಭಾರತೀಯ ಮಾನಕ ಸಂಸ್ಥೆಯ ನಿಯಮವಿದೆ. ಮಾದರಿ ತೆಗೆದು ಪರೀಕ್ಷಿಸುತ್ತಾರೆ, ಸೋತರೆ ಆ ಮಾಲು ತಿರಸ್ಕಾರವಾಗುತ್ತದೆ. ಧ್ವಜದ ಚೀಟಿಯನ್ನು ನಾವು ನಂಬುವುದು ಅದರ ಹಿಂದೆ ಅಳೆಯುವ ಒಂದು ಕೈ ಇದೆ ಎಂಬ ಕಾರಣಕ್ಕೆ.

ಒಂದು ಅಂಜಿಕೆಯನ್ನೂ ಹೇಳಿಬಿಡುತ್ತೇನೆ. ಬರೆಯುವ ಹೊರೆ ಯಾರ ಮೇಲೆ ಬೀಳುತ್ತದೆ? ಯೂರೋಪಿನ ದೊಡ್ಡ ಅಂಗಡಿ ತನಗೆ ಸರಕು ಕಳಿಸುವವನನ್ನು ಕೇಳುತ್ತದೆ. ಅವನು ಗಿರಣಿಯನ್ನು ಕೇಳುತ್ತಾನೆ, ಗಿರಣಿ ಜಿನ್ನಿಂಗಿನವನನ್ನು, ಅವನು ಎರಡೆಕರೆ ರೈತನನ್ನು. ಪ್ರತಿ ಪ್ರಶ್ನೆಯೂ ಕೆಳಗಿಳಿಯುತ್ತ ಬರುತ್ತದೆ. ಉತ್ತರಕ್ಕೆ ತಕ್ಕ ಬೆಲೆ ಮಾತ್ರ ಅದೇ ದಾರಿಯಲ್ಲಿ ಕೆಳಗಿಳಿದು ಬರುವುದು ಅಪರೂಪ. ಫಾರ್ಮು ತುಂಬಲು ಗುಮಾಸ್ತರನ್ನು ಇಟ್ಟುಕೊಳ್ಳಬಲ್ಲ ದೊಡ್ಡ ಗಿರಣಿ ಉಳಿದು, ಇಳಕಲ್ಲಿನ, ಗುಳೇದಗುಡ್ಡದ ನಾಲ್ಕು ಮಗ್ಗದ ಮನೆ ಮೂಲೆಗೆ ಬೀಳಬಾರದು. ಯೂರೋಪಿನ ಈ ಕಾನೂನಿನ ಮುಖ್ಯ ಗಮನ ಪರಿಸರದ ಮೇಲಿದೆ. ಹೊಲಿದವಳ ಕೂಲಿ ಎಷ್ಟು, ಬಿಡಿಸಿದವಳ ಕೂಲಿ ಎಷ್ಟು ಎಂಬುದು ಪಾಸ್‌ಪೋರ್ಟಿನ ಕಡ್ಡಾಯ ಪ್ರಶ್ನೆಯಾಗಿ ಕಾಣುವುದಿಲ್ಲ. ಅಪ್ಪನ ಪಟ್ಟಿಯಲ್ಲಿ ಹಮಾಲಿಯದಾದರೂ ಒಂದು ಸಾಲಿತ್ತು! ರೈತ ಬರೆದುಕೊಟ್ಟದ್ದನ್ನು ಕೊಳ್ಳುವವನು ನೋಡುವಂತೆ, ತನ್ನ ಹತ್ತಿ ಎಲ್ಲಿಗೆ ಹೋಯಿತು, ಎಷ್ಟಕ್ಕೆ ಮಾರಿತು ಎಂದು ರೈತನೂ ನೋಡುವಂತಾದರೆ ಆ ಪುಸ್ತಕಕ್ಕೆ ನ್ಯಾಯ ಬರುತ್ತದೆ.

ಅಂಗಿ ಕೊಂಡ ಅಂಗಡಿಗೆ ಮತ್ತೆ ಹೋಗಿದ್ದೆ. ಅಂಗಡಿಯವರು ನನ್ನ ಮಾತು ಕೇಳಿ, “ನಮಗ ಬಂದಂಗ ಮಾರೇವ್ರೀ ಮಾಸ್ತರ, ಮೇಲಿನವ್ರನ್ನ ಕೇಳಬೇಕ್ರಿ” ಎಂದರು. ಅವರು ಸುಳ್ಳು ಹೇಳಿದರೆಂದು ನನಗೆ ಅನ್ನಿಸಲಿಲ್ಲ. ಆ ಮೇಲಿನವರು ಯಾರೆಂದು ಅವರಿಗೂ ಗೊತ್ತಿರಲಿಲ್ಲ.

ಮರುದಿನ ತರಗತಿಯಲ್ಲಿ ಇದನ್ನು ಹೇಳಿದೆ. ಕೊನೆಯ ಬೆಂಚಿನ ಹುಡುಗಿ ತನ್ನ ನೋಟುಪುಸ್ತಕದಲ್ಲಿ ಪ್ರಯೋಗದ ಪುಟ ತೆಗೆದು ತೋರಿಸಿದಳು. ಉದ್ದೇಶ, ಸಲಕರಣೆ, ವಿಧಾನ, ಫಲಿತಾಂಶ ಎಲ್ಲ ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದಳು: ‘ಪ್ರಯೋಗ ಮಾಡಿದವರು’ ಎಂದು ತನ್ನ ಹೆಸರು, ‘ನೋಡಿದವರು’ ಎಂದು ಪಕ್ಕದವಳ ಹೆಸರು. ನಾನು ಅದಕ್ಕೆ ಕೆಂಪು ಮಸಿಯಲ್ಲಿ ಸಹಿ ಹಾಕಿದೆ.